ಕಾಮಕುರಾಗೆ ಹೋದರೆ ಒಂದು ರಾತ್ರಿ ಉಳಿಯಿರಿ

ಟೋಕಿಯೋಗೆ ಹೋಗುವ ನಮ್ಮವರ ಪಟ್ಟಿಯಲ್ಲಿ ಹತ್ತಿರದ ಹಳೇ ಊರು ಕಾಮಕುರಾಗೆ ಸಿಗುವುದು ಅರ್ಧ ದಿನ. ಹನ್ನೊಂದು ಗಂಟೆಗೆ ರೈಲು ಹತ್ತುವುದು, ದೊಡ್ಡ ಬುದ್ಧನ ಮುಂದೆ ಫೋಟೊ ತೆಗೆಸಿಕೊಳ್ಳುವುದು, ಸಂಜೆಗೆ ವಾಪಸ್. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಆಫೀಸ್ ಕೆಲಸದ ಮೇಲೆ ಹೋದಾಗ ಸಿಕ್ಕಿದ್ದು ಒಂದೇ ಒಂದು ಶನಿವಾರ. ಆವತ್ತಿನದು ಈಗ ನೆನಪಿರುವುದು ಬುದ್ಧನ ಮುಖ ಅಲ್ಲ, ಪುಟ್ಟ ರೈಲಿನ ನೂಕುನುಗ್ಗಲಲ್ಲಿ ನನ್ನ ಮೂಗಿಗೆ ಒತ್ತಿಕೊಂಡಿದ್ದ ಯಾರದೋ ಬ್ಯಾಗು.

ಎರಡನೇ ಸಲ ಡಿಸೆಂಬರ್ ಮೊದಲ ವಾರ ಹೋದೆವು. ಜೊತೆಗೆ ಹೆಂಡತಿ, ಅಮ್ಮ. ಅಮ್ಮನಿಗೆ 66 ವರ್ಷ, ಮಂಡಿ ನೋವು, ಮೇಲಾಗಿ ಅಪ್ಪಟ ಸಸ್ಯಾಹಾರಿ. ಈ ಸಲ ಮಂಗಳವಾರ, ಬುಧವಾರ ಆರಿಸಿಕೊಂಡು ಒಂದು ರಾತ್ರಿ ಅಲ್ಲೇ ಉಳಿದೆವು. ಊರೇ ಬೇರೆ ಅನ್ನಿಸಿತು.

ಹೋಗುವುದು ಸುಲಭ. ಟೋಕಿಯೋ ಸ್ಟೇಷನ್ ಅಥವಾ ಶಿನಗಾವಾದಿಂದ ಯೊಕೊಸುಕಾ ಲೈನ್ ರೈಲು. ಹೆಚ್ಚುಕಡಿಮೆ ಒಂದು ಗಂಟೆ, ಟಿಕೆಟ್ ಸುಮಾರು 1000 ಯೆನ್. ಸುಯಿಕಾ ಕಾರ್ಡ್ ಇದ್ದರೆ ಗೇಟಿನಲ್ಲಿ ತಟ್ಟಿಸಿ ಹೋಗುತ್ತಿರಬಹುದು. ಇದೊಂದಕ್ಕೋಸ್ಕರ ದುಬಾರಿ ರೈಲ್ ಪಾಸ್ ತೆಗೆದುಕೊಳ್ಳಬೇಡಿ. ದೊಡ್ಡ ಸೂಟ್‌ಕೇಸನ್ನು ಟೋಕಿಯೋ ಹೋಟೆಲಿನಲ್ಲೇ ಬಿಟ್ಟು, ಒಂದು ದಿನದ ಬಟ್ಟೆ ಮಾತ್ರ ಬೆನ್ನಿಗೆ ಹಾಕಿಕೊಳ್ಳಿ. ಇಲ್ಲಿನ ದೇವಸ್ಥಾನಗಳಲ್ಲಿ ಮೆಟ್ಟಿಲುಗಳಿಗೆ ಲೆಕ್ಕವೇ ಇಲ್ಲ.

ಕಾಮಕುರಾ ಸ್ಟೇಷನ್‌ಗಿಂತ ಒಂದು ನಿಲ್ದಾಣ ಮೊದಲೇ, ಕಿತಾ-ಕಾಮಕುರಾದಲ್ಲಿ ಇಳಿದುಬಿಡಿ. ಎಲ್ಲರೂ ಮುಂದೆ ಹೋಗುತ್ತಾರೆ, ನೀವು ಇಲ್ಲಿಂದ ಇಳಿಜಾರಿನಲ್ಲಿ ಊರಿನ ಕಡೆಗೆ, ಮಾರನೇ ದಿನ ಸಮುದ್ರದ ಕಡೆಗೆ ಹೋಗುವುದು ಒಳ್ಳೆಯದು. ಮೂರು ಕಡೆ ಗುಡ್ಡ, ಒಂದು ಕಡೆ ಸಮುದ್ರ, ಕೋಟೆ ಕಟ್ಟಿದ ಹಾಗೆ ಇದೆ ಜಾಗ. ಮಿನಾಮೊತೊ ಯೊರಿತೊಮೊ ಎಂಬ ಸೇನಾನಿ 12ನೇ ಶತಮಾನದ ಕೊನೆಯಲ್ಲಿ ಇಲ್ಲಿ ನೆಲೆ ನಿಂತದ್ದು ಅದಕ್ಕೇ. 1333ರವರೆಗೂ ಜಪಾನಿನ ಸಮುರಾಯ್ ಸರ್ಕಾರ ನಡೆದದ್ದು ಈ ಊರಿಂದ.

ಎಂಗಾಕುಜಿ ಎಂಬ ಝೆನ್ ಬೌದ್ಧ ಮಠ ಸ್ಟೇಷನ್ನಿಗೆ ಅಂಟಿಕೊಂಡೇ ಇದೆ. 1282ರಲ್ಲಿ ಕಟ್ಟಿದ್ದು. ಮಂಗೋಲರು ದಂಡೆತ್ತಿ ಬಂದಾಗ ಸತ್ತವರ ನೆನಪಿಗೆ, ಅದೂ ಎರಡೂ ಕಡೆಯವರ ನೆನಪಿಗೆ. ಶತ್ರುವಿಗೂ ಸೇರಿಸಿ ಗುಡಿ ಕಟ್ಟಿದರು ಅಂತ ಅಮ್ಮನಿಗೆ ಹೇಳಿದೆ. ಅಮ್ಮ ಸುಮ್ನೆ ಇನ್ನೊಂದು ಸಲ ಕೈಮುಗಿದರು. ಡಿಸೆಂಬರ್ ಮೊದಲ ವಾರ ಇಲ್ಲಿ ಮೇಪಲ್ ಎಲೆ ಕೆಂಪಗಾಗಿರುತ್ತದೆ. ಕ್ಯೋಟೋದಷ್ಟು ಜನ ಇರುವುದಿಲ್ಲ.

ಅಲ್ಲಿಂದ ಇಪ್ಪತ್ತು ನಿಮಿಷ ನಡೆದರೆ ಕೆಂಚೋಜಿ. 1253ರದ್ದು, ಜಪಾನಿನ ಹಳೆಯ ಝೆನ್ ಮಠಗಳಲ್ಲಿ ಇದಕ್ಕೆ ದೊಡ್ಡ ಹೆಸರು. ಇಲ್ಲಿನ ಸಭಾಭವನದಲ್ಲಿ ಉಪವಾಸದಿಂದ ಬಡಕಲಾದ ಬುದ್ಧನ ಮೂರ್ತಿ ಇದೆ. ಪಕ್ಕೆಲುಬು ಒಂದೊಂದಾಗಿ ಎಣಿಸಬಹುದು. ಲಾಹೋರ್ ಮ್ಯೂಸಿಯಂನಲ್ಲಿರುವ ಗಾಂಧಾರ ಶಿಲ್ಪದ ಪ್ರತಿ ಇದು, ಪಾಕಿಸ್ತಾನ ಕೊಟ್ಟ ಕಾಣಿಕೆ. ತಲೆ ಎತ್ತಿದರೆ ಚಾವಣಿ ತುಂಬ ಡ್ರ್ಯಾಗನ್.

ಇನ್ನು ಊಟದ ವಿಷಯ. ಸಸ್ಯಾಹಾರಿಗಳು ಇದನ್ನು ಗಮನವಿಟ್ಟು ಓದಿ. ಕೆಂಚಿನ್-ಜಿರು ಅಂತ ಒಂದು ಸಾರು ಇದೆ. ಮೂಲಂಗಿ, ಕ್ಯಾರೆಟ್, ಕೆಸುವಿನ ಗಡ್ಡೆ, ತೋಫುವನ್ನು ಎಳ್ಳೆಣ್ಣೆಯಲ್ಲಿ ಹುರಿದು ಕುದಿಸುತ್ತಾರೆ. ಹುಟ್ಟಿದ್ದು ಕೆಂಚೋಜಿಯ ಅಡುಗೆಮನೆಯಲ್ಲಿ ಅನ್ನುತ್ತಾರೆ. ಮಠದ ಅಡುಗೆ ಅಂದ ಮೇಲೆ ಪೂರ್ತಿ ಸಸ್ಯಾಹಾರ ಅಲ್ವಾ ಅಂದುಕೊಂಡು, ದಾರಿಯ ಒಂದು ಪುಟ್ಟ ಹೋಟೆಲಿನಲ್ಲಿ ಮೂರು ಬಟ್ಟಲು ಹೇಳಿದೆ. ಅಮ್ಮ ಎರಡು ಚಮಚ ಕುಡಿದು, "ಏನೋ ವಾಸನೆ ಕಣೋ" ಅಂದರು. ಕೇಳಿದರೆ ದಾಶಿ, ಅಂದರೆ ಒಣಗಿಸಿದ ಕತ್ಸುವೊ ಮೀನು ಕುದಿಸಿದ ತಿಳಿ! ಮಠದಲ್ಲಿ ಹಾಕುತ್ತಿರಲಿಲ್ಲ, ಈಗಿನ ಹೋಟೆಲುಗಳಲ್ಲಿ ಹಾಕುವುದು ಮಾಮೂಲು. ತಪ್ಪು ಅವರದ್ದಲ್ಲ, ಮೊದಲೇ ಕೇಳದ ನನ್ನದು. ಅಮ್ಮ ಬಟ್ಟಲು ಪಕ್ಕಕ್ಕೆ ಸರಿಸಿ, ಚೀಲದಿಂದ ಚಟ್ನಿಪುಡಿ ತೆಗೆದು ಅನ್ನಕ್ಕೆ ಕಲಸಿಕೊಂಡರು. ಹೋಟೆಲಿನ ಅಜ್ಜಿ ಕುತೂಹಲದಿಂದ ನೋಡುತ್ತಿದ್ದರು. ಅಮ್ಮ ಅವರ ಅಂಗೈಗೂ ಚಿಟಿಕೆ ಹಾಕಿದರು. ಆಮೇಲೆ ಅವರಿಬ್ಬರಿಗೂ ಭಾಷೆ ಬೇಕಾಗಲಿಲ್ಲ.

ಹಾಗಾಗಿ "ಮಾಂಸ ಇದೆಯಾ" ಅಂತ ಕೇಳಿದರೆ ಸಾಲದು. "ಕತ್ಸುವೊ ದಾಶಿ ಇದೆಯಾ" ಅಂತ ಕೇಳಿ, ಇಲ್ಲವೇ ಫೋನಿನಲ್ಲಿ ಜಪಾನಿ ಭಾಷೆಯಲ್ಲಿ ಬರೆದು ತೋರಿಸಿ. ಇನ್ನೊಂದು, ಇದು ಶಿರಾಸು ಎಂಬ ಬೆಳ್ಳಗಿನ ಮರಿಮೀನಿನ ಊರು. ಅನ್ನದ ಮೇಲೆ, ಬ್ರೆಡ್ಡಿನ ಮೇಲೆ, ಪಿಜ್ಜಾ ಮೇಲೆ, ಎಲ್ಲ ಕಡೆ ಅದೇ. ದೂರದಿಂದ ಶಾವಿಗೆ ಥರ ಕಾಣುತ್ತದೆ, ಮೋಸ ಹೋಗಬೇಡಿ. ಮೀನು ತಿನ್ನುವವರಿಗೆ ಹಬ್ಬ. ಆದರೆ ಜನವರಿಯಿಂದ ಮಾರ್ಚ್ ಶುರುವಿನವರೆಗೆ ಅದನ್ನು ಹಿಡಿಯುವಂತಿಲ್ಲ, ಆಗ ಹಸಿ ಶಿರಾಸು ಸಿಗುವುದಿಲ್ಲ.

ಕೆಂಚೋಜಿಯಿಂದ ಇಳಿದು ಬಂದರೆ ಊರ ಮುಖ್ಯ ದೇವಸ್ಥಾನ, ತ್ಸುರುಗಾವೊಕಾ ಹಚಿಮಾಂಗೂ. 61 ಮೆಟ್ಟಿಲು. ಎಡಗಡೆ ಸಾವಿರ ವರ್ಷದ್ದು ಅನ್ನುತ್ತಿದ್ದ ಗಿಂಕೊ ಮರ ಇತ್ತು. 1219ರಲ್ಲಿ ಶೋಗನ್, ಅಂದರೆ ಸಮುರಾಯ್ ಸರ್ಕಾರದ ಮುಖ್ಯಸ್ಥ ಸನೆತೊಮೊನನ್ನು ಕೊಂದ ಅವನ ಅಣ್ಣನ ಮಗ ಅದರ ಹಿಂದೆ ಅಡಗಿದ್ದ ಎಂದು ಕಥೆ. 2010ರ ಮಾರ್ಚ್‌ನಲ್ಲಿ ಗಾಳಿಗೆ ಮರ ಉರುಳಿತು. ಈಗ ಬುಡದಿಂದ ಚಿಗುರಿದ್ದು ಆಳೆತ್ತರ ಮೀರಿದೆ. ಎದುರಿನ ಕೊಮಾಚಿ ಬೀದಿಯ ಬಗ್ಗೆ ಜಾಸ್ತಿ ಹೇಳಲ್ಲ. ತಿಂಡಿ, ಉಡುಗೊರೆ, ಜನ. ಪಾರಿವಾಳದ ಆಕಾರದ ಬೆಣ್ಣೆ ಬಿಸ್ಕತ್ತು ಮಾತ್ರ ಮನೆಗೆ ತನ್ನಿ. ತಿನ್ನುತ್ತಾ ನಡೆಯುವುದನ್ನು ಈ ಊರಿನವರು ಇಷ್ಟಪಡುವುದಿಲ್ಲ, ಅಂಗಡಿ ಮುಂದೆಯೇ ನಿಂತು ತಿಂದು ಮುಗಿಸಿ. ಕಸದ ಡಬ್ಬಿ ಎಲ್ಲೂ ಸಿಗುವುದಿಲ್ಲ, ಚೀಲ ಇಟ್ಟುಕೊಳ್ಳಿ.

ನಮ್ಮವರು ತಪ್ಪಿಸಬಾರದ ಜಾಗ ಝೆನಿಅರಾಯ್ ಬೆಂಟೆನ್. ಸ್ಟೇಷನ್ನಿನಿಂದ ಅರ್ಧ ಗಂಟೆ ನಡಿಗೆ, ಕೊನೆಗೆ ಏರು ಜಾಸ್ತಿ. ಅಮ್ಮನಿಗೋಸ್ಕರ ನಾವು ಟ್ಯಾಕ್ಸಿ ಮಾಡಿದೆವು. ಬಂಡೆ ಕೊರೆದ ಸುರಂಗದೊಳಗೆ ನಡೆದು ಆಚೆ ಹೊರಟರೆ, ಸುತ್ತ ಕಡಿದಾದ ಗುಡ್ಡ, ನಡುವೆ ಅಂಗಳ, ಊದುಬತ್ತಿ ಹೊಗೆ. ಬೆಂಟೆನ್ ಅಂದರೆ ಬೆಂಜೈತೆನ್, ಅಂದರೆ ನಮ್ಮ ಸರಸ್ವತಿ. ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಬಂದವಳು ಇಲ್ಲಿ ಸಂಗೀತಕ್ಕೂ ನೀರಿಗೂ ದೇವತೆ, ಜೊತೆಗೆ ದುಡ್ಡಿಗೂ. ಗುಹೆಯ ನೀರಲ್ಲಿ ದುಡ್ಡು ತೊಳೆದರೆ ಅದು ಹೆಚ್ಚುತ್ತದೆ ಎಂದು ನಂಬಿಕೆ.

ಮೇಣದಬತ್ತಿ, ಊದುಬತ್ತಿ ಕೊಂಡರೆ ಒಂದು ಪುಟ್ಟ ಬಿದಿರಿನ ಬುಟ್ಟಿ ಕೊಡುತ್ತಾರೆ. ಗುಹೆಯೊಳಗೆ ಕತ್ತಲು, ತಣ್ಣನೆ ನೀರು, ಉದ್ದ ಹಿಡಿಯ ಸೌಟು. ನಾಣ್ಯವನ್ನು ಬುಟ್ಟಿಯಲ್ಲಿಟ್ಟು ಮೇಲೆ ನೀರು ಸುರಿಯಬೇಕು. ಪಕ್ಕದಲ್ಲಿ ಸೂಟು ಹಾಕಿದ್ದ ಗಂಡಸೊಬ್ಬರು ಹತ್ತು ಸಾವಿರದ ನೋಟು ತೊಳೆದು, ಕರವಸ್ತ್ರದಲ್ಲಿ ಒತ್ತಿ ಒಣಗಿಸುತ್ತಿದ್ದರು. ನೋಟಿನ ಮೂಲೆಗೆ ನಾಲ್ಕು ಹನಿ ಸಾಕು, ಮುಳುಗಿಸಬೇಡಿ. ಅಮ್ಮ 100 ಯೆನ್ ನಾಣ್ಯ ತೊಳೆದರು. "ಲಕ್ಷ್ಮಿ ಕೆಲಸಾನೂ ಇವಳೇ ಮಾಡ್ತಾಳಾ? ಪಾಪ, ಆಚೆ ದೇಶದಲ್ಲಿ ಒಬ್ಬಳೇ ಇದಾಳಲ್ಲ" ಅಂದರು. ತೊಳೆದ ದುಡ್ಡನ್ನು ಇಟ್ಟುಕೊಳ್ಳಬಾರದು, ಖರ್ಚು ಮಾಡಿದರೇ ಹೆಚ್ಚುವುದಂತೆ ಎಂದೆ. "ಅದೆಲ್ಲ ಇಲ್ಲ, ದೇವರ ಮನೆಗೆ ಇದು" ಅಂತ ಸೆರಗಿಗೆ ಗಂಟು ಹಾಕಿಕೊಂಡರು.

ರಾತ್ರಿ ಉಳಿಯಲು ಹಾಸೆ ಸ್ಟೇಷನ್ ಸುತ್ತಮುತ್ತ ನೋಡಿ. ಸಮುದ್ರಕ್ಕೂ ಬುದ್ಧನಿಗೂ ನಡೆದೇ ಹೋಗಬಹುದು. ಆದರೆ ಐದು ಗಂಟೆಯಾದರೆ ಅಂಗಡಿಗಳು ಬಾಗಿಲು ಹಾಕಲು ಶುರು. ಅಷ್ಟರೊಳಗೆ ಊಟಕ್ಕೆ ಏನಾದರೂ ಮಾಡಿಕೊಳ್ಳಿ. ನಾವು ಕನ್ವೀನಿಯನ್ಸ್ ಸ್ಟೋರಿನಲ್ಲಿ ಉಮೆಬೋಶಿ, ಅಂದರೆ ಉಪ್ಪು-ಹುಳಿ ಕಾಯಿ ಇಟ್ಟ ಅನ್ನದುಂಡೆ ತಂದೆವು. ಉಪ್ಪಿನಕಾಯಿ ಅನ್ನ ತಿಂದ ಹಾಗೇ ಆಯಿತು. ಬೀದಿಯ ಕಂಬಗಳ ಮೇಲೆ ಆ ಜಾಗ ಸಮುದ್ರ ಮಟ್ಟಕ್ಕಿಂತ ಎಷ್ಟು ಮೀಟರ್ ಮೇಲಿದೆ ಎಂದು ಬರೆದಿರುತ್ತದೆ. ಸುನಾಮಿ ಬಂದರೆ ಯಾವ ಕಡೆ ಓಡಬೇಕು ಅಂತಲೂ ಇರುತ್ತದೆ. ಹೆದರಬೇಕಿಲ್ಲ, ಒಮ್ಮೆ ಓದಿಕೊಂಡಿರಿ.

ಬುದ್ಧನ ಆವರಣ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ನಾವು ಎಂಟೂ ಐದಕ್ಕೆ ಒಳಗಿದ್ದೆವು. ನಮ್ಮನ್ನು ಬಿಟ್ಟರೆ ಅಂಗಳ ಗುಡಿಸುತ್ತಿದ್ದ ಒಬ್ಬರು, ಇಬ್ಬರು ವಯಸ್ಸಾದವರು. ನನ್ನ ಮೊದಲ ಶನಿವಾರದ ಲೆಕ್ಕದಲ್ಲಿ ಇದು ಬೇರೆಯೇ ಬುದ್ಧ. ಕಂಚಿನ ಅಮಿತಾಭ ಬುದ್ಧ, ಎರಕ ಶುರುವಾದದ್ದು 1252ರಲ್ಲಿ. ಎತ್ತರ 11 ಮೀಟರಿಗೆ ಸ್ವಲ್ಪ ಜಾಸ್ತಿ, ತೂಕ 121 ಟನ್. ನಮ್ಮ ಗೊಮ್ಮಟನನ್ನು ನೋಡಿದವರಿಗೆ ಎತ್ತರ ದೊಡ್ಡದು ಅನ್ನಿಸದು. ಆದರೆ ಗೊಮ್ಮಟ ಬಾನಿನ ಕೆಳಗೆ ನಿಂತದ್ದು ಕಟ್ಟಿದವರ ಇಷ್ಟದಿಂದ. ಈ ಬುದ್ಧ ಬಯಲಲ್ಲಿ ಕೂತದ್ದು ಮನೆ ಕಳೆದುಕೊಂಡು. ಮೊದಲು ಸುತ್ತ ಮರದ ಗುಡಿ ಇತ್ತು. ಬಿರುಗಾಳಿಗೆ ಮತ್ತೆ ಮತ್ತೆ ಬಿತ್ತು. 15ನೇ ಶತಮಾನದ ಕೊನೆಯಿಂದ ಬುದ್ಧ ಬಿಸಿಲು-ಮಳೆಯಲ್ಲೇ ಇದ್ದಾನೆ.

ಪ್ರವೇಶಕ್ಕೆ 300 ಯೆನ್ ಕೊಟ್ಟೆವು. ಇನ್ನೂ 50 ಕೊಟ್ಟರೆ ಮೂರ್ತಿಯ ಹೊಟ್ಟೆಯೊಳಗೆ ಹೋಗಬಹುದು. ಚಿಲ್ಲರೆ ಇರಲಿ. ಒಳಗೆ ಇಕ್ಕಟ್ಟು, ಮಂದ ಬೆಳಕು. ಬೆನ್ನಿನಲ್ಲಿರುವ ಎರಡು ಕಿಟಕಿಯಿಂದ ಅಷ್ಟಿಷ್ಟು ಬೆಳಕು ಬೀಳುತ್ತದೆ. ಕಂಚನ್ನು ಪದರ ಪದರವಾಗಿ ಎರಕ ಹೊಯ್ದು ಬೆಸೆದ ಗುರುತು ಗೋಡೆಯ ತುಂಬ ಕಾಣುತ್ತದೆ. ಮೇಲೆ ನೋಡಿದರೆ ಬುದ್ಧನ ತಲೆಯ ಟೊಳ್ಳು. ಕುತ್ತಿಗೆಗೆ 1960ರ ಹೊತ್ತಿಗೆ ಒಳಗಿನಿಂದ ಬಲ ಕೊಟ್ಟಿದ್ದಾರೆ, ಭೂಕಂಪಕ್ಕೆ ತಲೆ ಅಲ್ಲಾಡದಿರಲಿ ಎಂದು. ಅಮ್ಮ ಕಂಚಿಗೆ ಕೈ ಇಟ್ಟು ತಕ್ಷಣ ಹಿಂದಕ್ಕೆ ತೆಗೆದರು. ಡಿಸೆಂಬರ್ ಬೆಳಿಗ್ಗೆ ಅದು ಐಸಿನ ಹಾಗಿತ್ತು.

ಆವರಣದಲ್ಲೇ, ಮುಂದೆ ಶ್ರೀಲಂಕಾದ ಅಧ್ಯಕ್ಷರಾದ ಜಯವರ್ಧನೆಯವರ ನೆನಪಿನ ಕಲ್ಲು ಇದೆ, ಹುಡುಕಿ ನೋಡಿ. ಯುದ್ಧ ಸೋತ ಜಪಾನಿನ ಬಗ್ಗೆ 1951ರಲ್ಲಿ ಸಾನ್ ಫ್ರಾನ್ಸಿಸ್ಕೊದಲ್ಲಿ ಸಭೆ ನಡೆದಾಗ, ದ್ವೇಷ ದ್ವೇಷದಿಂದ ಅಳಿಯುವುದಿಲ್ಲ ಎಂಬ ಬುದ್ಧನ ಮಾತನ್ನೇ ಹೇಳಿ, ತಮ್ಮ ದೇಶಕ್ಕೆ ಪರಿಹಾರ ಬೇಡ ಅಂದವರು ಅವರು.

ಹತ್ತಿರದ ಹಾಸೆದೆರಾ ದೇವಸ್ಥಾನಕ್ಕೆ ಒಂದೂವರೆ ಗಂಟೆ ಕೊಡಿ. ಒಳಗೆ ಒಂಬತ್ತು ಮೀಟರ್ ಎತ್ತರದ, ಹನ್ನೊಂದು ಮುಖದ ಮರದ ಕನ್ನೊನ್, ಅಂದರೆ ಕರುಣೆಯ ಬೋಧಿಸತ್ವ. ಫೋಟೊ ತೆಗೆಯುವ ಮೊದಲು ಬೋರ್ಡು ನೋಡಿ. ಮೇಲಿನ ಕಟ್ಟೆಯಿಂದ ಯುಯಿಗಾಹಾಮಾ ಕಡಲತೀರ ಪೂರ್ತಿ ಕಾಣುತ್ತದೆ. ಜೂನ್‌ನಲ್ಲಿ ಹೈಡ್ರೇಂಜಿಯಾ ಹೂವು ನೋಡಲು ಜನಜಾತ್ರೆ, ಆಗ ಗಂಟೆಗಟ್ಟಲೆ ಕಾಯಬೇಕಾಗಬಹುದು. ಮೆಟ್ಟಿಲ ದಾರಿಯಲ್ಲಿ ನೂರಾರು ಪುಟ್ಟ ಜಿಜೊ ಮೂರ್ತಿಗಳು ಸಾಲಾಗಿ ನಿಂತಿವೆ. ಹುಟ್ಟುವ ಮೊದಲೇ ಹೋದ ಮಕ್ಕಳಿಗಾಗಿ ತಂದೆತಾಯಿ ಇಟ್ಟವು. ಅಲ್ಲಿ ಸೆಲ್ಫಿ ಬೇಡ.

ಆಮೇಲೆ ಎನೊಡೆನ್. ಹಸಿರು ಬಣ್ಣದ ಪುಟ್ಟ ರೈಲು, ಒಟ್ಟು 10 ಕಿಲೊಮೀಟರ್ ದಾರಿ, ಜನರ ಹಿತ್ತಿಲಲ್ಲೇ ನುಗ್ಗಿ ಹೋಗುತ್ತದೆ. ಎನೊಶಿಮಾ ಕಡೆ ಹೋಗುವಾಗ ಎಡಗಡೆ ನಿಲ್ಲಿ. ಇನಾಮುರಾಗಾಸಾಕಿ ದಾಟಿದ ಮೇಲೆ ಒಮ್ಮೆಗೇ ಸಮುದ್ರ ತೆರೆದುಕೊಳ್ಳುತ್ತದೆ. ಎರಡು-ಮೂರು ಕಡೆ ಇಳಿಯುವುದಿದ್ದರೆ ಒಂದು ದಿನದ ಪಾಸ್ ಲಾಭ. ಕಾಮಕುರಾಕೊಕೊಮಾಯೆ ಸ್ಟೇಷನ್ ಪಕ್ಕದ ರೈಲ್ವೆ ಗೇಟು ಒಂದು ಅನಿಮೆಯಲ್ಲಿ, ಅಂದರೆ ಜಪಾನಿ ಕಾರ್ಟೂನಿನಲ್ಲಿ ಬಂದ ಜಾಗ, ಅದರ ಅಭಿಮಾನಿಗಳು ಅಲ್ಲಿ ಗುಂಪುಗಟ್ಟಿರುತ್ತಾರೆ. ರಸ್ತೆ ಮಧ್ಯೆ ನಿಲ್ಲಬೇಡಿ, ಊರಿನವರು ರೋಸಿ ಹೋಗಿದ್ದಾರೆ.

ನಾವು ಶಿಚಿರಿಗಾಹಾಮಾದಲ್ಲಿ ಇಳಿದು, ದಡದ ಮೆಟ್ಟಿಲ ಮೇಲೆ ಕೂತು ಅನ್ನದುಂಡೆ ಬಿಚ್ಚಿದೆವು. ಎದುರಿಗೆ ಫ್ಯೂಜಿ, ತಲೆಗೆ ಹಿಮ. ಹೆಂಡತಿ ಬಾಯಿ ಹತ್ತಿರ ಕೈ ತಂದಳು. ಹಿಂದಿನಿಂದ ಬಟ್ಟೆ ಒದರಿದಂಥ ಸದ್ದು. ಕೈ ಖಾಲಿ, ಬೆರಳಿಗೊಂದು ಗೀರು. ಹದ್ದು ಆಗಲೇ ನೀರಿನ ಮೇಲಿತ್ತು. ಇಲ್ಲಿನ ಹದ್ದುಗಳು ಯಾವಾಗಲೂ ಬೆನ್ನ ಹಿಂದಿನಿಂದಲೇ ಬರುತ್ತವಂತೆ. ಎಚ್ಚರಿಕೆ ಬೋರ್ಡು ನಮ್ಮ ತಲೆಯ ಮೇಲೇ ಇತ್ತು, ನೋಡಿದ್ದು ಆಮೇಲೆ. ಕಡಲತೀರದಲ್ಲಿ ತಿನ್ನುವುದಾದರೆ ಗೋಡೆಗೆ ಬೆನ್ನು ಕೊಟ್ಟು ಅಥವಾ ಸೂರಿನ ಕೆಳಗೆ ಕೂತು ತಿನ್ನಿ.

ಎನೊಶಿಮಾ ದ್ವೀಪಕ್ಕೆ ಸೇತುವೆ ಮೇಲೆ ನಡೆದೇ ಹೋಗಬಹುದು. ಹತ್ತಲು ಮಾತ್ರ ಮಂಡಿಗೆ ಕಷ್ಟ. ಅದಕ್ಕೇ ಟಿಕೆಟ್ ಕೊಟ್ಟು ಹತ್ತುವ ಎಸ್ಕಲೇಟರ್ ಇಟ್ಟಿದ್ದಾರೆ, ಮೇಲಕ್ಕೆ ಮಾತ್ರ, ಇಳಿಯಲು ಇಲ್ಲ. ಅಮ್ಮ ಮೆಟ್ಟಿಲ ಸಾಲು ನೋಡಿದರು, ಟಿಕೆಟ್ ಕಿಟಕಿ ನೋಡಿದರು, ಸೆರಗಿನ ಗಂಟು ಬಿಚ್ಚಿದರು. "ತಗೋ, ಖರ್ಚು ಮಾಡಬೇಕು ಅಂದಿದ್ದೆಯಲ್ಲ. ಉಳಿದಿದ್ದು ನೀನು ಹಾಕು."

ಮೇಲೆ ಎಂಟು ಮೂಲೆಯ ಗುಡಿಯಲ್ಲಿ ಮತ್ತೆ ಬೆಂಜೈತೆನ್. ಜಪಾನಿನ ಮೂರು ದೊಡ್ಡ ಬೆಂಟೆನ್ ಕ್ಷೇತ್ರಗಳಲ್ಲಿ ಇದೂ ಒಂದು. ಬೆಳ್ಳಗಿನ ಮೂರ್ತಿ, ತೊಡೆಯ ಮೇಲೆ ಬಿವಾ ವಾದ್ಯ, ಮೈಮೇಲೆ ಬಟ್ಟೆಯಿಲ್ಲ. ಅಮ್ಮ ಒಂದು ಕ್ಷಣ ತಬ್ಬಿಬ್ಬಾದರು, ಆಮೇಲೆ ಬಿವಾ ನೋಡಿ "ವೀಣೆ ಅಂತೂ ಬಿಟ್ಟಿಲ್ಲ" ಅಂದರು. ಚಳಿಗಾಲದಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ನಾಲ್ಕು ಗಂಟೆಗೆ ದ್ವೀಪದ ಮೇಲಿರುವಂತೆ ನೋಡಿಕೊಳ್ಳಿ, ಫ್ಯೂಜಿ ಕಪ್ಪಗಾಗುವುದು ಕಾಣುತ್ತದೆ. ಹಿಂಭಾಗದ ಇವಾಯಾ ಗುಹೆಗೆ ತುಂಬ ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು. ನಾವು ಬಿಟ್ಟೆವು, ಕಾಲು ಗಟ್ಟಿ ಇದ್ದವರು ಹೋಗಿ.

ವಾಪಸ್ ಬರುವಾಗ ಬಂದ ದಾರಿಯೇ ಬೇಡ. ಶೋನನ್-ಎನೊಶಿಮಾದಿಂದ ಓಫುನಾಗೆ ಮೊನೊರೈಲು ಇದೆ. ಹಳಿ ಮೇಲೆ, ಡಬ್ಬಿ ಕೆಳಗೆ ನೇತಾಡುತ್ತಾ ಮನೆಗಳ ಮೇಲೆ ಹಾರಿದಂತೆ ಹೋಗುತ್ತದೆ. ಹದಿನಾಲ್ಕು ನಿಮಿಷ. ಓಫುನಾದಲ್ಲಿ ಟೋಕಿಯೋ ರೈಲು ಸಿಗುತ್ತದೆ. ಮುಂದಿನ ಸೀಟು ಹಿಡಿಯಿರಿ, ತಲೆಸುತ್ತು ಬರುವವರನ್ನು ಮಾತ್ರ ಹಿಂದೆ ಕೂರಿಸಿ.