ಕುದುರೆಮುಖದ ದಾರಿಯಲ್ಲಿ ನಾಲ್ಕು ಬೈಕು

ಚಾರ್ಮಾಡಿ ಘಾಟಿ ಇಳಿಯುವವರೆಲ್ಲ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ನೇರ ಹೋಗಿಬಿಡುತ್ತಾರೆ. ನಾವು ದೋಸೆ ತಿಂದು ಬಲಕ್ಕೆ, ಕಳಸದ ದಾರಿ ಹಿಡಿದೆವು. ಹಾಗೆ ಹೋಗೋಣ ಎಂದು ವಾರದಿಂದ ಹಟ ಹಿಡಿದವನು ನಮ್ಮ ಗೆಳೆಯರಲ್ಲೊಬ್ಬ. ಅವನು ಹುಟ್ಟಿ ಬೆಳೆದದ್ದು ಕುದುರೆಮುಖದ ಕಂಪನಿ ಕ್ವಾರ್ಟರ್ಸಿನಲ್ಲಿ. ಗಣಿ ನಿಂತ ಮೇಲೆ ಮನೆಯವರೆಲ್ಲ ಮಂಗಳೂರಿಗೆ ಬಂದು ನೆಲೆಸಿದರು. ಆಮೇಲೆ ಅವನು ಆ ಊರಿಗೆ ಹೋಗಿಯೇ ಇರಲಿಲ್ಲ.

ದೀಪಾವಳಿ ಆಗಷ್ಟೇ ಮುಗಿದಿತ್ತು. ಮಳೆ ಹಿಂದೆ ಸರಿದಿದ್ದರೂ ರಸ್ತೆಯಂಚಿನ ಪಾಚಿ ಇನ್ನೂ ಒಣಗಿರಲಿಲ್ಲ. ಮಲೆನಾಡಿನಲ್ಲಿ ಗಾಡಿ ಓಡಿಸುವವರಿಗೆ ಈ ಪಾಚಿಯೇ ದೊಡ್ಡ ಭಯ. ಎದುರಿಂದ ಬಸ್ಸು ಬಂತೆಂದು ಸ್ವಲ್ಪ ಅಂಚಿಗೆ ಸರಿದರೂ ಸಾಕು, ಮುಂದಿನ ಚಕ್ರ ಜಾರುತ್ತದೆ. ಅದಕ್ಕೇ ನಮ್ಮಲ್ಲಿ ಒಂದು ಕ್ರಮವಿದೆ: ದಾರಿ ಬಲ್ಲವನು ಮುಂದೆ, ಹೊಸದಾಗಿ ಘಟ್ಟ ಹತ್ತುವವನು ಅವನ ಬೆನ್ನಿಗೆ, ರಿಪೇರಿ ಬಲ್ಲ ಬುಲೆಟ್ಟಿನವನು ಎಲ್ಲರಿಗಿಂತ ಹಿಂದೆ. ಕನ್ನಡಿಯಲ್ಲಿ ಹಿಂದಿನವನ ದೀಪ ಕಾಣದಿದ್ದರೆ ನಿಲ್ಲಬೇಕು. ಇಳಿಜಾರಿನಲ್ಲಿ ಗೇರು ಇಳಿಸಿ ಎಂಜಿನ್ನಿನ ಬಿಗಿತದಲ್ಲೇ ಇಳಿಯಬೇಕು, ಬ್ರೇಕನ್ನೇ ನೆಚ್ಚಿಕೊಳ್ಳಬಾರದು. ಸೈಲೆನ್ಸರ್ ಬದಲಾಯಿಸಿ ಸದ್ದು ಮಾಡುವ ಗಾಡಿಯವರನ್ನು ನಾವು ಜೊತೆಗೆ ಸೇರಿಸಿಕೊಳ್ಳುವುದಿಲ್ಲ. ಈ ವಿಷಯದಲ್ಲಿ ನಾನು ಯಾರ ಮುಲಾಜೂ ನೋಡುವವನಲ್ಲ.

ಬಾಳೂರು ಹ್ಯಾಂಡ್‌ಪೋಸ್ಟ್ ದಾಟಿ ಕಳಸ ಮುಟ್ಟುವವರೆಗೂ ಕಾಫಿ ತೋಟ, ಅಡಿಕೆ ತೋಟ. ಸಂಸೆಯಲ್ಲಿ ಇದ್ದಕ್ಕಿದ್ದಂತೆ ಚಹಾ ತೋಟ ಎದುರಾಗುತ್ತದೆ. ಅಲ್ಲಿ ಒಂದು ಸಣ್ಣ ಅಂಗಡಿಯಲ್ಲಿ ಚಹಾ ಕುಡಿಯುವಾಗ ಗೆಳೆಯ ಮಾತು ನಿಲ್ಲಿಸಿದ್ದ. ಅಂಗಡಿಯ ಅಮ್ಮ, "ಎಲ್ಲಿಗೆ ಹೊರಟಿದ್ದೀರಪ್ಪ?" ಎಂದು ಕೇಳಿದರು. "ಕುದುರೆಮುಖಕ್ಕೆ, ಅಮ್ಮ. ನಮ್ಮೂರು," ಎಂದ. "ಕಂಪನಿಯವರ ಮಗನಾ?" ಅಂದರು ಅವರು, ಕೂಡಲೇ. ಆ ಸೀಮೆಯಲ್ಲಿ ಕಂಪನಿ ಎಂದರೆ ಒಂದೇ ಕಂಪನಿ.

ಆ ಕಥೆ ಹೇಳದೆ ಈ ದಾರಿಯ ಬಗ್ಗೆ ಬರೆಯಲು ಆಗುವುದಿಲ್ಲ. ಕುದುರೆಮುಖ ಕಬ್ಬಿಣ ಅದಿರು ಕಂಪನಿ ಶುರುವಾದದ್ದು 1976ರಲ್ಲಿ. ಇರಾನಿನ ಹಣದ ನೆರವು, ಅದಿರು ಕೊಳ್ಳುವವರೂ ಅವರೇ ಎಂಬ ಒಪ್ಪಂದ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಆ ವ್ಯವಹಾರ ಮುರಿದುಬಿತ್ತು, ಕಂಪನಿ ಬೇರೆ ಕೊಳ್ಳುವವರನ್ನು ಹುಡುಕಿಕೊಂಡಿತು. ಗುಡ್ಡ ಅಗೆದು, ಅದಿರನ್ನು ನುಣ್ಣಗೆ ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗಿನ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರನ್ನು ತಡೆದಿಡಲು ಲಕ್ಯಾದಲ್ಲಿ ಅಣೆಕಟ್ಟು ಕಟ್ಟಿದರು. 1987ರಲ್ಲಿ ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಗಣಿ ನಿಲ್ಲಲಿ ಎಂದು ಪರಿಸರದ ಕಾಳಜಿಯುಳ್ಳವರು ವರ್ಷಗಟ್ಟಲೆ ಹೋರಾಡಿದರು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು.

ನಿಂತದ್ದು ಸರಿಯೇ. ಇದರಲ್ಲಿ ನನಗೆ ಎರಡು ಮಾತಿಲ್ಲ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಇಲ್ಲೇ, ಗಂಗಾಮೂಲದ ಆಸುಪಾಸಿನಲ್ಲಿ. ಒಂದೇ ಬೆಟ್ಟದ ನೀರು, ಎರಡು ಪಾಲು ಮೂಡಣಕ್ಕೆ ಹರಿದು ಕೂಡಲಿಯಲ್ಲಿ ಒಂದಾಗುತ್ತದೆ, ಒಂದು ಪಾಲು ಪಡುವಣಕ್ಕಿಳಿದು ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಬೆಟ್ಟದ ನೆತ್ತಿಯ ಹುಲ್ಲು ಮಳೆಯ ನೀರನ್ನು ಹಿಡಿದಿಟ್ಟು, ಮಡಿಲಿನ ಶೋಲಾ ಕಾಡಿಗೆ, ಅಂದರೆ ಗುಡ್ಡಗಳ ಸಂದಿನ ದಟ್ಟ ಕಾಡಿಗೆ, ಬೇಸಿಗೆಯಲ್ಲೂ ಬಿಟ್ಟುಕೊಡುತ್ತದೆ. ಆ ಹುಲ್ಲಿನ ಹೊದಿಕೆ ಕಿತ್ತರೆ ಕೆಳಗಿನ ಎಷ್ಟು ಊರುಗಳ ಬಾವಿಗೆ ಪೆಟ್ಟು! ಆದರೆ ಗೆಳೆಯನ ಮುಖ ನೋಡಿದಾಗ ಇನ್ನೊಂದೂ ಅಷ್ಟೇ ನಿಜವೆನಿಸಿತು. ಅವನ ಅಪ್ಪ ಇಡೀ ದುಡಿಮೆಯ ವಯಸ್ಸನ್ನು ಅಲ್ಲಿ ಕಳೆದಿದ್ದರು. ಹೋರಾಡಿದವರ ಮೇಲೆ ಅವರು ಸಿಟ್ಟಿನ ಮಾತಾಡಿದ್ದನ್ನು ತಾನು ಕೇಳಿಲ್ಲ ಎನ್ನುತ್ತಾನೆ ಇವನು. ಊರು ಬಿಟ್ಟ ದಿನ ಮನೆಯ ಬೀಗದ ಕೈ ಒಪ್ಪಿಸಿ ಬರುವಾಗ ಮಾತ್ರ ಅವರು ಯಾರ ಜೊತೆಗೂ ಮಾತಾಡಿರಲಿಲ್ಲವಂತೆ.

ಕ್ವಾರ್ಟರ್ಸಿನ ಸಾಲಿನಲ್ಲಿ ಬೈಕು ನಿಲ್ಲಿಸಿ ಅವನೊಬ್ಬನೇ ನಡೆದು ಹೋದ. ನಾವು ರಸ್ತೆಯಲ್ಲೇ ಕಾದೆವು. ಎಷ್ಟೋ ಮನೆಗಳ ಬಾಗಿಲು ಮುಚ್ಚಿದೆ, ಅಂಗಳದಲ್ಲಿ ಸೊಂಟದೆತ್ತರ ಗಿಡಗಂಟಿ. ವಾಪಸ್ ಬಂದವನು ಕೈ ಬಿಚ್ಚಿ ತೋರಿಸಿದ: ಎರಡು ಪೇರಲೆ ಹಣ್ಣು. "ಅಮ್ಮ ನೆಟ್ಟ ಮರ ಮಾರಾಯ, ಈಗಲೂ ಬಿಡ್ತಿದೆ." ನಾಲ್ವರೂ ಹಂಚಿಕೊಂಡು ತಿಂದೆವು. ಒಳಗೆ ಕೆಂಪು, ಬೀಜ ಜಾಸ್ತಿ, ಸಿಹಿ ಸಾಧಾರಣ. ಸಿಪ್ಪೆಯ ಚೂರನ್ನೂ ಅವನು ಬಿಡಲಿಲ್ಲ.

ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರು, ಹೊರಟ ಹೊತ್ತು ಬರೆದು ಚೀಟಿ ಕೊಡುತ್ತಾರೆ. ದಾರಿಯಲ್ಲಿ ಸುಮ್ಮನೆ ನಿಲ್ಲುವಂತಿಲ್ಲ, ಆಚೆ ಗೇಟನ್ನು ಹೊತ್ತಿಗೆ ಸರಿಯಾಗಿ ದಾಟಬೇಕು. ಒಳ್ಳೆಯ ನಿಯಮ. ಆದರೆ ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ) ಇನ್ನೂ ದೂರವಿರುವಾಗಲೇ ಹಿಂದಿನಿಂದ ಹಾರ್ನ್ ಎರಡು ಸಲ ಕೇಳಿಸಿತು. ಬುಲೆಟ್ಟಿನ ಕ್ಲಚ್ ಕೇಬಲ್ ತುಂಡಾಗಿತ್ತು.

ಲಿವರಿನ ಬಾಯಿಯಲ್ಲಿ, ಸೀಸದ ಗುಂಡು ಕೂರುವ ಜಾಗದಲ್ಲಿ, ತಂತಿಯ ಎಳೆಗಳು ಒಂದೊಂದಾಗಿ ಹರಿದು ಪೊರಕೆಯ ತುದಿಯಂತೆ ಕೆದರಿಕೊಂಡಿದ್ದವು. ಬುಲೆಟ್ಟಿನವನು ಗಾಬರಿಯಾಗಲೇ ಇಲ್ಲ. ಮನೆಯಲ್ಲೇ ಹಳೆಯ ಕೇಬಲ್ಲಿನ ಪಕ್ಕ ಹೊಸದೊಂದನ್ನು ಟ್ಯಾಂಕಿನಡಿ ಹಾಯಿಸಿ ಟೇಪ್ ಸುತ್ತಿಟ್ಟಿದ್ದ. ಟೇಪ್ ಬಿಚ್ಚಿ, ಕೆಳತುದಿಯನ್ನು ಗೇರ್‌ಬಾಕ್ಸಿನ ಕೊಕ್ಕೆಗೆ ಸಿಕ್ಕಿಸಿ, ಮೇಲ್ತುದಿಯನ್ನು ಲಿವರಿಗೆ ಕೂರಿಸಿ, ಅಡ್ಜಸ್ಟರ್ ತಿರುಗಿಸುತ್ತ ಬೆರಳಲ್ಲೇ ಸಡಿಲ ನೋಡಿದ. ಅಷ್ಟರಲ್ಲಿ ಅರಣ್ಯ ಇಲಾಖೆಯ ಜೀಪು ಬಂತು. ಗಾರ್ಡ್ ಇಳಿದು, ಬಿಚ್ಚಿಟ್ಟ ಸ್ಪ್ಯಾನರುಗಳನ್ನು ನೋಡಿ, "ಬೇಗ ಮುಗಿಸಿ. ಈ ತಿರುವಲ್ಲೇ ಕಾಟಿ ದಾಟ್ತಾವೆ," ಅಂದರು. ಕಾಟಿ ಎಂದರೆ ಕಾಡುಕೋಣ. ನಾವು ಹೊರಡುವವರೆಗೂ ಜೀಪನ್ನು ತಿರುವಿನಾಚೆ ಅಡ್ಡ ನಿಲ್ಲಿಸಿ, ಬರುವ ಗಾಡಿಗಳಿಗೆ ಕೈ ತೋರಿಸುತ್ತ ನಿಂತಿದ್ದರು. ಕಾಡು ಕಾಯುವವರ ಬಗ್ಗೆ ಪ್ರವಾಸಿಗರು ಗೊಣಗುವುದನ್ನು ಬಹಳ ಕೇಳಿದ್ದೇನೆ. ಆ ಮನುಷ್ಯನ ಸಮವಸ್ತ್ರದ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು, ಕಾಲಿಗೆ ಇಂಬಳ ಕಚ್ಚಿದ ಕಲೆ.

ನಾಲ್ಕೂ ಎಂಜಿನ್ ಆರಿಸಿದ್ದ ಆ ಹೊತ್ತಿನಲ್ಲಿ ಕಾಡಿನ ಸದ್ದು ಕಿವಿಗೆ ಬಿತ್ತು. ಒಳಗೆಲ್ಲೋ ನೀರು ಬೀಳುವ ಸದ್ದು, ಒಂದು ಹಕ್ಕಿಯ ಉದ್ದನೆಯ ಸಿಳ್ಳು, ಮತ್ತೆ ನೀರು. ಗೆಳೆಯ ಹೇಳಿದ, "ಚಿಕ್ಕವನಿದ್ದಾಗ ನಮ್ಮನೆಗೆ ರಾತ್ರಿಯೆಲ್ಲ ಮಷೀನಿನ ಸದ್ದು ಕೇಳ್ತಿತ್ತು. ಅದು ನಿಂತ್ರೆ ನಿದ್ದೆ ಬರ್ತಿರಲಿಲ್ಲ." ಈ ದಾರಿಯಲ್ಲಿ ನಾವು ಮಾಡುವ ಗದ್ದಲ ಎಷ್ಟು ಕಡಿಮೆಯಾದರೂ ಅದು ಹೆಚ್ಚೇ ಎಂದು ನನಗೆ ಬಲವಾಗಿ ಅನ್ನಿಸಿದ್ದು ಆಗ.

ಎಸ್.ಕೆ. ಬಾರ್ಡರಿನಲ್ಲಿ ಶೃಂಗೇರಿಯ ದಾರಿ ಬಿಟ್ಟು ಮಾಳ ಘಾಟಿ ಇಳಿದೆವು. ಇಳಿದಂತೆ ಗಾಳಿ ಬೆಚ್ಚಗಾಗುತ್ತ ಬಂತು. ಬಜಗೋಳಿಯಲ್ಲಿ ಜಾಕೆಟ್ ಬಿಚ್ಚದೆ ಉಸಿರಾಡಲು ಆಗಲಿಲ್ಲ. ಸುತ್ತ ತುಳು ಮಾತು, ಫೋನಿಗೆ ಸಿಗ್ನಲ್. ಗೆಳೆಯ ಅಪ್ಪನಿಗೆ ಕರೆ ಮಾಡಿ ಸ್ಪೀಕರಿಗೆ ಹಾಕಿದ.

ಅವರು ಮನೆಯ ಬಗ್ಗೆ ಕೇಳಲಿಲ್ಲ. "ಭದ್ರೆ ನೀರು ಹೇಗಿತ್ತು ಮಗ?" ಎಂದರು.

"ತಿಳಿಯಾಗಿತ್ತಪ್ಪ. ತಳದ ಕಲ್ಲು ಕಾಣ್ತಿತ್ತು."

"ನಮ್ಮ ಕಾಲದಲ್ಲಿ ಮಳೆ ಬಂದ್ರೆ ಕೆಂಪಗೆ ಹರೀತಿತ್ತು. ಒಳ್ಳೇದಾಯ್ತು ಬಿಡು." ಆಮೇಲೆ ಪೇರಲೆ ಮರದ ಸುದ್ದಿ ಕೇಳಿದ್ದೇ ಅವರ ದನಿಯೇ ಬದಲಾಯಿತು. ಮರ ಎಷ್ಟು ಎತ್ತರ ಆಗಿದೆ, ಕೊಂಬೆ ಮುರಿದಿಲ್ಲ ತಾನೇ, ಪಕ್ಕದ ಮನೆಯಲ್ಲಿ ಯಾರಾದರೂ ಇದ್ದಾರಾ ಎಂದು ಒಂದರ ಮೇಲೊಂದು ಪ್ರಶ್ನೆ. ಸಂಕ್ರಾಂತಿ ಕಳೆದ ಮೇಲೆ ತಾವೂ ಬರುತ್ತಾರಂತೆ, ಅಮ್ಮನನ್ನೂ ಕರೆತರುತ್ತಾರಂತೆ, ಕಾರು ತರಬೇಕಂತೆ. ದಿನ ಯಾವುದೆಂದು ಗೊತ್ತು ಮಾಡಿಕೊಂಡೇ ನಾವು ಕಾರ್ಕಳದ ಕಡೆ ಗಾಡಿ ತಿರುಗಿಸಿದೆವು.