ಕಾರ್ನರ್ ಆಟಗಾರನನ್ನು ತಯಾರು ಮಾಡುವುದು

ದಾವಣಗೆರೆಯ ಮಣ್ಣಿನ ಅಂಕಣಗಳಲ್ಲಿ ಕಬಡ್ಡಿ ಕಲಿಯೋ ಹುಡುಗರಿಗೆಲ್ಲ ರೈಡರ್ (ಎದುರಾಳಿಯ ಅಂಕಣಕ್ಕೆ ನುಗ್ಗುವವನು) ಆಗುವ ಹುಚ್ಚು. ಕಾರ್ನರ್‌ಗೆ, ಅಂದರೆ ರೈಡರ್‌ನನ್ನು ಹಿಡಿಯೋ ಸಾಲಿನ ತುದಿಗೆ, ನಿಲ್ಲಪ್ಪಾ ಅಂದರೆ ಮುಖ ಸಪ್ಪಗಾಗುತ್ತೆ.

ಮೊದಲು ಕಲಿಸಬೇಕಾದ್ದು ಹಿಡಿತವಲ್ಲ, ನಿಲುವು. ಮೊಣಕಾಲು ಬಾಗಿರಲಿ, ಭಾರ ಮುಂಗಾಲಿನ ಮೇಲಿರಲಿ, ಕಣ್ಣು ರೈಡರ್‌ನ ಸೊಂಟದ ಮೇಲೆ. ಕೈ, ಭುಜ ಸುಳ್ಳು ಹೇಳುತ್ತವೆ. ಸೊಂಟ ಸುಳ್ಳು ಹೇಳೋದು ಕಡಿಮೆ.

ಪಾದದ ಗಂಟು ಹಿಡಿಯೋ ಆ್ಯಂಕಲ್ ಹೋಲ್ಡ್‌ನಲ್ಲಿ ಹೊಸಬರು ಎಡವೋದು ಒಂದೇ ಕಡೆ: ಬೋನಸ್‌ಗೆ (ಬೋನಸ್ ಗೆರೆ ದಾಟಿ ಪಡೆಯೋ ಹೆಚ್ಚುವರಿ ಅಂಕಕ್ಕೆ) ರೈಡರ್ ಕಾಲು ಚಾಚಿದ ಕೂಡಲೇ ಹಾರುತ್ತಾರೆ. ಅದು ಆಸೆ ತೋರಿಸುವ ಕಾಲು, ಅದರ ಮೇಲೆ ಭಾರವೇ ಇರಲ್ಲ, ಸಲೀಸಾಗಿ ಹಿಂದೆ ಹೋಗುತ್ತೆ. ಕಾಲು ನೆಲಕ್ಕೂರಿ ರೈಡರ್ ತಿರುಗುವ ಕ್ಷಣಕ್ಕೆ ಕಾಯಬೇಕು. ಎರಡೂ ಕೈಯಿಂದ ಪಾದದ ಗಂಟು ಸುತ್ತಿ, ಎದೆಗೆ ಒತ್ತಿ ಎತ್ತಬೇಕು. ತಲೆ ಪಕ್ಕಕ್ಕಿರಲಿ, ಇಲ್ಲವಾದರೆ ಮೊಣಕಾಲು ನೇರ ಹಣೆಗೆ.

ಲೆಕ್ಕವೂ ಗೊತ್ತಿರಬೇಕು. ಅಂಕಣದಲ್ಲಿ ಹಿಡಿಯೋರು 6 ಅಥವಾ 7 ಜನ ಇದ್ದರಷ್ಟೇ ಬೋನಸ್. ಪ್ರೊ ಕಬಡ್ಡಿಯ ನಿಯಮದಲ್ಲಿ 3 ಅಥವಾ ಕಡಿಮೆ ಜನರಿದ್ದು ಹಿಡಿದರೆ ಸೂಪರ್ ಟ್ಯಾಕಲ್, 2 ಅಂಕ. ರೈಡ್ 30 ಸೆಕೆಂಡಿನದು. ಕೊನೆಕೊನೆಗೆ ರೈಡರ್ ಅವಸರ ಮಾಡುತ್ತಾನೆ, ಕಾರ್ನರ್ ಮಾಡಬಾರದು.

ಜೊತೆಗೆ ಒಂದು ಮಾತು: ಮಣ್ಣಲ್ಲಿ ಪಳಗಿದವನಿಗೆ ಮ್ಯಾಟ್ ಬೇರೆಯೇ. ಅಲ್ಲಿ ಶೂ ಕಚ್ಚಿ ಹಿಡಿಯುತ್ತೆ, ರೈಡರ್ ಬೇಗ ತಿರುಗುತ್ತಾನೆ, ಜಾರಿ ಬಿದ್ದರೆ ಮೊಣಕಾಲಿನ ಚರ್ಮ ಕಿತ್ತುಬರುತ್ತೆ. ನೀಕ್ಯಾಪ್ ಇಲ್ಲದೆ ಇಳಿಸಬೇಡಿ.