ಮೊಹರಿನ ಮೇಲಿನ ಹೆಸರು

ನನ್ನ ಎಂಜಿನಿಯರ್ ಪರವಾನಗಿಯ ನವೀಕರಣದ ಅರ್ಜಿ ಎರಡು ವಾರದಿಂದ ಮೇಜಿನ ಮೇಲೆಯೇ ಬಿದ್ದಿತ್ತು. ಅದರಲ್ಲಿ ಮೂರು ಚೌಕಗಳು: ಸಕ್ರಿಯ, ನಿಷ್ಕ್ರಿಯ, ನಿವೃತ್ತ. ಮೂವತ್ತೈದು ವರ್ಷ ಕಟ್ಟಡಗಳ ಕಂಬ, ತೊಲೆಗಳ ಲೆಕ್ಕ ಹಾಕಿದ ನನಗೆ ಒಂದು ಚೌಕಕ್ಕೆ ಗುರುತು ಹಾಕಲು ಕೈ ಏಳಲಿಲ್ಲ.

ನನ್ನ ಬಳಿ ಎರಡು ಪರವಾನಗಿಗಳಿದ್ದವು. ಬೇರೊಂದು ಪ್ರಾಂತ್ಯದ ಕೆಲಸಕ್ಕೆಂದು ಪಡೆದದ್ದನ್ನು ಬಿಡುವುದು ಕಷ್ಟವಾಗಲಿಲ್ಲ. ಅಲ್ಲಿ ಕೆಲಸ ನಿಂತು ವರ್ಷಗಳೇ ಆಗಿದ್ದವು. ಕಷ್ಟವಾದದ್ದು ಮೊದಲನೆಯದು. ಅದರ ಜೊತೆಗೇ ಮಾಡಿಸಿದ ದುಂಡು ಮೊಹರು ಈಗಲೂ ನನ್ನ ಚೀಲದಲ್ಲಿದೆ. ರಬ್ಬರಿನ ಅಂಚು ಸವೆದು ಹೆಸರಿನ ಕೊನೆಯ ಅಕ್ಷರ ಮಸುಕಾಗಿ ಬೀಳುತ್ತದೆ.

ಗೆಳೆಯರೆಲ್ಲ ಇಟ್ಟುಕೋ ಎಂದರು. ಒಮ್ಮೆ ಬಿಟ್ಟರೆ ಮರಳಿ ಪಡೆಯುವುದು ಸುಲಭವಲ್ಲ. ತಪ್ಪಿಹೋದ ತರಬೇತಿ ಗಂಟೆಗಳನ್ನು ತುಂಬಿಕೊಡಬೇಕು, ಕೆಲವು ಕಡೆ ಪರೀಕ್ಷೆಯನ್ನೇ ಮತ್ತೆ ಬರೆಯಬೇಕು. ಶುಲ್ಕ, ತರಬೇತಿ ನನಗೆ ಹೊರೆಯಾಗಿರಲಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ವಿಮೆ. ವೃತ್ತಿ ಹೊಣೆಗಾರಿಕೆಯ ಪಾಲಿಸಿಗಳು ಬಹುಮಟ್ಟಿಗೆ ಕೆಲಸ ಮಾಡಿದ ದಿನವನ್ನಲ್ಲ, ದೂರು ಬಂದ ದಿನವನ್ನು ನೋಡುತ್ತವೆ. ಇಂದು ಸಹಿ ಹಾಕಿದ ತೊಲೆಯಲ್ಲಿ ಎಂಟು ವರ್ಷದ ಮೇಲೆ ಬಿರುಕು ಕಂಡರೆ, ಆಗ ಪಾಲಿಸಿ ಜೀವಂತವಾಗಿರಬೇಕು. ಹಾಗಾಗಿ ನಿವೃತ್ತರಾಗುವವರು ಮುಂದೆ ಬರಬಹುದಾದ ದೂರುಗಳಿಗೆಂದೇ ವಿಸ್ತರಣೆ ಪಡೆಯಬೇಕಾಗುತ್ತದೆ. ಪರವಾನಗಿ ಬಿಟ್ಟ ಮಾತ್ರಕ್ಕೆ ಹಳೆಯ ಸಹಿಗಳ ಋಣ ತೀರುವುದಿಲ್ಲ. ಇದು ಗೊತ್ತಾದ ಮೇಲೆ, ಬಿಡುವುದೋ ಇಟ್ಟುಕೊಳ್ಳುವುದೋ ಎಂಬುದನ್ನು ವಿಮೆ ತೀರ್ಮಾನಿಸಲಾರದು ಎಂಬುದೂ ಸ್ಪಷ್ಟವಾಯಿತು.

ಆ ಶನಿವಾರ ನನ್ನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹುಡುಗ ಫೋನ್ ಮಾಡಿದ. ಮರುದಿನ ಬೆಳಿಗ್ಗೆ ಕಾಂಕ್ರೀಟ್, ಕಂಬಿ ಕಟ್ಟಿದ್ದನ್ನು ನೋಡಿ ಸಹಿ ಹಾಕಬೇಕಿತ್ತು. ಹೋದೆ. ಮೂರನೆಯ ಅಂತಸ್ತಿನ ಸೆಂಟ್ರಿಂಗಿಗೆ ಏಣಿ ಒರಗಿಸಿದ್ದರು. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಬಲಮಂಡಿ ಕೈಕೊಟ್ಟಿತು. ಐದನೆಯದಕ್ಕೆ ಕಾಲೆತ್ತಿ ನೋಡಿದೆ, ಆಗಲಿಲ್ಲ. ಹುಡುಗ ಓಡಿಬಂದು ತೋಳು ಹಿಡಿದು ಇಳಿಸಿದ.

"ನೀವು ಹತ್ತುವುದು ಬೇಡ ಸರ್. ನಾನು ಫೋಟೊ ತೆಗೆದು ತರುತ್ತೇನೆ, ನೋಡಿ ಸಹಿ ಹಾಕಿಬಿಡಿ," ಎಂದ. ಪ್ರೀತಿಯಿಂದಲೇ ಹೇಳಿದ ಮಾತು.

ಫೋಟೊಗಳು ಚೆನ್ನಾಗಿಯೇ ಬಂದಿದ್ದವು. ನಾನು ಹುಡುಕಿದ್ದು ಕಂಬ ಮತ್ತು ತೊಲೆ ಕೂಡುವ ಗಂಟನ್ನು. ಅಲ್ಲಿ ಕಂಬದ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳ ತುದಿ 135 ಡಿಗ್ರಿ ಬಾಗಿ ಕಂಬದ ಒಡಲೊಳಕ್ಕೆ ಚಾಚಿಕೊಂಡಿರಬೇಕು. 90ಕ್ಕೇ ನಿಲ್ಲಿಸಿದರೆ, ಭೂಕಂಪದಲ್ಲಿ ಹೊರಪದರದ ಕಾಂಕ್ರೀಟ್ ಉದುರಿದಾಗ ಕೊಕ್ಕೆ ಬಿಚ್ಚಿಕೊಳ್ಳುತ್ತದೆ, ರಿಂಗಿನ ಹಿಡಿತ ಹೋಗುತ್ತದೆ. ಮೇಲಿನ ಎರಡು ರಿಂಗುಗಳು ಫೋಟೊದಲ್ಲಿ ಸ್ಪಷ್ಟವಾಗಿದ್ದವು. ಕೆಳಗಿನವು ತೊಲೆಯ ಕಂಬಿಗಳ ಹಿಂದೆ ಮರೆಯಾಗಿದ್ದವು. ಅಲ್ಲಿ ಬೆರಳು ತೂರಿಸಿ, ಕೊಕ್ಕೆಯನ್ನು ಮುಟ್ಟಿಯೇ ತಿಳಿಯಬೇಕು. ಇಷ್ಟು ವರ್ಷ ನಾನು ಮಾಡಿದ್ದೂ ಅದನ್ನೇ.

ಮೊಹರು ಚೀಲದಿಂದ ಹೊರಗೆ ಬರಲಿಲ್ಲ. ಪರವಾನಗಿ ಇರುವ ಸಹೋದ್ಯೋಗಿಯೊಬ್ಬರನ್ನು ಕರೆದೆ. ಅವರು ಸಂಜೆ ಬಂದು ಹತ್ತಿ, ಮುಕ್ಕಾಲು ಗಂಟೆ ನೋಡಿ, ಇಳಿದರು. ಎಲ್ಲವೂ ಸರಿಯಾಗಿತ್ತು. ಆದರೆ ಕೆಳಗೆ ನಿಂತಿದ್ದ ನನಗೆ ಅದು ಗೊತ್ತಿರಲಿಲ್ಲ. ಸಹಿ ಹಾಕಿದ್ದರೆ ಗೊತ್ತಿಲ್ಲದ್ದಕ್ಕೆ ಸಹಿ ಹಾಕಿದಂತಾಗುತ್ತಿತ್ತು.

ರಾತ್ರಿ, ಕಟ್ಟುವಾಗಲೇ ಕುಸಿದ ಕೆನಡಾದ ಕ್ವಿಬೆಕ್ ಸೇತುವೆ ನೆನಪಾಯಿತು. ಓದುವಾಗ ಅದು ನನಗೆ ಲೆಕ್ಕದ ತಪ್ಪಿನ ಪಾಠವಾಗಿತ್ತು: ಸೇತುವೆಯ ಸ್ವಂತ ತೂಕವನ್ನು ಕಡಿಮೆ ಅಂದಾಜು ಮಾಡಿದ್ದು, ಒತ್ತಡ ಹೊರುವ ಕೆಳಭಾಗದ ಉಕ್ಕಿನ ಅಂಗಗಳು ಬಾಗಿದ್ದು. ಈಗ ಕಣ್ಣಿಗೆ ಕಟ್ಟಿದ್ದು ಸಲಹಾ ಎಂಜಿನಿಯರ್ ಥಿಯೋಡರ್ ಕೂಪರ್. 1907ರಲ್ಲಿ ಅವರಿಗೆ 68 ವರ್ಷ. ಹೆಸರಾಂತ ಸೇತುವೆ ತಜ್ಞ, ಆರೋಗ್ಯ ಸರಿಯಿಲ್ಲ. ಉಕ್ಕಿನ ಜೋಡಣೆ ನಡೆಯುವಾಗ ಅವರು ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲ. ನ್ಯೂಯಾರ್ಕಿನಲ್ಲಿ ಕುಳಿತೇ ನಿರ್ಧಾರ ಕೊಡುತ್ತಿದ್ದರು. ಆಗಸ್ಟ್ 29ರಂದು ಕಿರಿಯ ಎಂಜಿನಿಯರ್ ಒಬ್ಬರು ಖುದ್ದಾಗಿ ಬಂದು ಉಕ್ಕು ಬಾಗುತ್ತಿರುವುದನ್ನು ವಿವರಿಸಿದಾಗ, ಇನ್ನು ಭಾರ ಹೇರಬೇಡಿ ಎಂದು ತಂತಿ ಕಳಿಸಿದರು. ಆ ತಂತಿ ಹೋದದ್ದು ಸೇತುವೆಯ ಬಳಿಗಲ್ಲ, ಅದನ್ನು ಕಟ್ಟುತ್ತಿದ್ದ ಕಂಪನಿಯ ಕಚೇರಿಗೆ. ಅಂದೇ ಸಂಜೆ ಸೇತುವೆ ಕುಸಿದು 75 ಕಾರ್ಮಿಕರು ಸತ್ತರು. ಕೂಪರ್ ದುರಾಸೆಯವರೆಂದು ನನಗೆ ಅನ್ನಿಸುವುದಿಲ್ಲ. ಆ ಹೊಣೆಯನ್ನು ಬೇರೆಯವರ ಕೈಗಿಡಲು ಅವರಿಗೆ ಮನಸ್ಸಾಗಲಿಲ್ಲ ಎಂದೇ ನಾನು ತಿಳಿದಿದ್ದೇನೆ. ಆ ಮನಸ್ಸು ಎಂಥದೆಂದು ಅಂದು ನನಗೆ ಚೆನ್ನಾಗಿ ಅರ್ಥವಾಯಿತು.

ಭಾನುವಾರ ಬೆಳಿಗ್ಗೆ 'ನಿವೃತ್ತ' ಎಂಬ ಚೌಕಕ್ಕೆ ಗುರುತು ಹಾಕಿದೆ. ಲಕೋಟೆ ಅಂಟಿಸುವಾಗ ಕಣ್ಣು ತುಂಬಿತು.

ಮಧ್ಯಾಹ್ನ ಹುಡುಗನಿಗೆ ಫೋನ್ ಮಾಡಿದೆ. ಅವನ ಪರವಾನಗಿ ಪರೀಕ್ಷೆಗೆ ಇನ್ನೊಂದು ವರ್ಷವಿದೆ. "ವಾರಕ್ಕೊಮ್ಮೆ ನಕ್ಷೆಗಳನ್ನು ತೆಗೆದುಕೊಂಡು ಬಾ. ನನ್ನ ಸಹಿ ಇನ್ನು ಸಿಗುವುದಿಲ್ಲ, ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಡುತ್ತೇನೆ," ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲು ಯಾವ ನಕ್ಷೆ ತರಲಿ ಸರ್ ಎಂದು ಕೇಳಿದ.